ಮರ್ಡೀನಾಳ ಕೊರಳಿಗೆ ಮೂರು ದುರ್ಬೀನು

ಸೋಮವಾರ ಬೆಳಿಗ್ಗೆ ಬಂದ ಪೆಟ್ಟಿಗೆಯನ್ನು ಮರ್ಡೀನಾ ಅಡುಗೆಮನೆಯ ಮೇಜಿನ ಮೇಲಿಟ್ಟು ಬಿಚ್ಚುತ್ತಿದ್ದಾಗ ಒಲೆಯ ಮೇಲೆ ಓಟ್ಸ್ ಗಂಜಿ ತಳ ಹಿಡಿದು ಸೀಯುತ್ತಿತ್ತು. ಮನೆಯೆಲ್ಲ ಕಮರು ವಾಸನೆ. ಅವಳ ಮೂಗಿಗೆ ಮಾತ್ರ ಅದು ಗೊತ್ತೇ ಆಗಲಿಲ್ಲ. ಗೊತ್ತಾಗುವುದಾದರೂ ಹೇಗೆ ಹೇಳಿ? ಪೆಟ್ಟಿಗೆಯೊಳಗೆ ಒಂದಲ್ಲ, ಎರಡಲ್ಲ, ಮೂರು ದುರ್ಬೀನುಗಳು ಹುಲ್ಲಿನಂಥ ಕಾಗದದ ಮೇಲೆ ಸಾಲಾಗಿ ಮಲಗಿದ್ದವು. ಮೂರೂ ಹೊಸವು. ಮೂರೂ ಆ ಕಾಲಕ್ಕೆ ಜಗತ್ತಿನಲ್ಲಿ ಸಿಗುತ್ತಿದ್ದ ಅತ್ಯುತ್ತಮ ದುರ್ಬೀನುಗಳು. ಶನಿವಾರದೊಳಗೆ ಒಂದನ್ನು ಆರಿಸಿ ಇಟ್ಟುಕೊಳ್ಳಬೇಕು, ಉಳಿದೆರಡನ್ನು ಇನ್ವರ್ನೆಸ್ ಪಟ್ಟಣದ ಅಂಗಡಿಗೆ ವಾಪಸ್ಸು ಕಳಿಸಬೇಕು.

ಕಂಪನಿಗಳ ಹೆಸರು ಬೇಡ ಬಿಡಿ. ಮೂರೂ ದೊಡ್ಡ ಮನೆತನಗಳು, ಒಂದನ್ನು ಹೊಗಳಿದರೆ ಉಳಿದೆರಡು ಮುನಿಸಿಕೊಳ್ಳುತ್ತವೆ. ಒಂದು ಆಸ್ಟ್ರಿಯಾದ್ದು, ಮೈಗೆಲ್ಲ ಹಸಿರು ರಬ್ಬರು. ಇನ್ನೆರಡು ಜರ್ಮನಿಯವು. ಅವುಗಳಲ್ಲಿ ಒಂದು ಗಿಡ್ಡಕ್ಕೆ, ಗಟ್ಟಿಮುಟ್ಟಾಗಿ, ಕಪ್ಪಗಿತ್ತು. ಇನ್ನೊಂದು ಉದ್ದನೆಯದು, ತೆಳ್ಳನೆಯದು. ಮರ್ಡೀನಾ ಅವಕ್ಕೆ ಹಸಿರು, ಕಪ್ಪು, ಉದ್ದದ್ದು ಎಂದೇ ಹೆಸರಿಟ್ಟಳು. ಅರ್ಧ ಗಂಟೆಯಲ್ಲಿ ಮೂರನ್ನೂ ಒಟ್ಟಿಗೆ ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು. ಅಂಚೆ ವ್ಯಾನು ಓಡಿಸುವ ಅವಳ ಗಂಡ ಲಾಕ್ಲನ್ ಗಂಜಿಯ ಪಾತ್ರೆಯನ್ನು ತಾನೇ ಇಳಿಸಿ, ಬಾಗಿಲಿಗೆ ಒರಗಿ ನಿಂತು ಅವಳನ್ನೇ ನೋಡಿದ. ಮದುವೆಯ ದಿನ ಕೂಡ ನಿನ್ನ ಮುಖ ಇಷ್ಟು ಅರಳಿರಲಿಲ್ಲ ಎಂದ. ಮದುವೆಯ ದಿನ ಆರಿಸುವುದಕ್ಕೆ ನನ್ನ ಮುಂದೆ ಮೂವರನ್ನು ಯಾರೂ ನಿಲ್ಲಿಸಿರಲಿಲ್ಲವಲ್ಲ ಎಂದಳು ಮರ್ಡೀನಾ.

ಮರ್ಡೀನಾಗೆ ಆಗ ನಲವತ್ನಾಲ್ಕು. ಹತ್ತೊಂಬತ್ತನೆಯ ವಯಸ್ಸಿನಿಂದ ತನ್ನೂರಿನ ಕಣಿವೆಯ ಬೇಟೆ ಎಸ್ಟೇಟಿನಲ್ಲಿ ಕುದುರೆ ಹಿಡಿಯುವ ಕೆಲಸ. ಶರತ್ಕಾಲ ಬಂತೆಂದರೆ ಬೇಟೆಗೆ ಅತಿಥಿಗಳು ಬರುತ್ತಾರೆ. ಗುಂಡು ಹೊಡೆಯುವವನು ಅತಿಥಿ, ನಿಜ, ಆದರೆ ಬೆಟ್ಟದ ಮೇಲೆ ಅವನ ಮಾತು ನಡೆಯುವುದಿಲ್ಲ. ಜಿಂಕೆಯನ್ನು ಹುಡುಕುವವನು, ಯಾವುದನ್ನು ಹೊಡೆಯಬೇಕು ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವನು, ಅತಿಥಿಯನ್ನು ಹೊಟ್ಟೆಯ ಮೇಲೆ ತೆವಳಿಸಿಕೊಂಡು ಗುರಿಯ ಹತ್ತಿರಕ್ಕೆ ಒಯ್ಯುವವನು, ಎಲ್ಲ ಜಾಡುಗಾರನೇ. ಕೋವಿ ಕೂಡ ಚೀಲದೊಳಗೆ ಅವನ ಹೆಗಲ ಮೇಲೇ ಇರುತ್ತದೆ. ಕೊನೆಯ ಗಳಿಗೆಯಲ್ಲಷ್ಟೇ ಅದು ಅತಿಥಿಯ ಕೈಗೆ ಬರುತ್ತದೆ. ಜಿಂಕೆ ಬಿದ್ದ ಮೇಲೆ ಜಾಡುಗಾರ ಒಂದಿಷ್ಟು ಒಣಪೊದೆಗೆ ಬೆಂಕಿ ಹಚ್ಚುತ್ತಾನೆ. ಆ ಹೊಗೆ ಕಂಡ ಮೇಲೆ ಕುದುರೆಯವಳ ಕೆಲಸ ಶುರು, ಸತ್ತ ಜಿಂಕೆಯನ್ನು ಕುದುರೆಯ ಬೆನ್ನಿಗೇರಿಸಿ ಕೆಳಗೆ ತರುವುದು. ಅಲ್ಲಿಯವರೆಗೆ ಕೆಳಗೆ ಗಾಳಿಯ ಮರೆಯಲ್ಲಿ ಕೂತು ಕಾಯಬೇಕು.

ಇಪ್ಪತ್ತೈದು ವರ್ಷ ಹಾಗೆ ಕಾದವಳು ಸುಮ್ಮನೆ ಕೂತಿರಲಿಲ್ಲ. ಅವಳ ಅಪ್ಪನೂ ಪಕ್ಕದ ಎಸ್ಟೇಟಿನಲ್ಲಿ ಜಾಡುಗಾರನಾಗಿದ್ದವನು. ಅವನು ಬಿಟ್ಟುಹೋದ ಸೈನ್ಯದ ಕಾಲದ ದುರ್ಬೀನೊಂದು ಅವಳ ಬಳಿ ಇತ್ತು. ಏಳು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಬಲಗಡೆಯ ಗಾಜು ಮಂಜು ಹಿಡಿದು, ಮಜ್ಜಿಗೆ ಕುಡಿದ ಲೋಟದ ಹಾಗಾಗಿತ್ತು. ಅದರಲ್ಲೇ ನೋಡಿ ನೋಡಿ ಅವಳು ಆ ಬೆಟ್ಟದ ಪ್ರತಿ ಜಿಂಕೆಯ ವಯಸ್ಸು, ಗುಣ, ಚಾಳಿ ಎಲ್ಲ ತಿಳಿದುಕೊಂಡಿದ್ದಳು. ಅಪ್ಪ ಹೇಳಿಕೊಟ್ಟ ಅಳತೆಗಳೂ ಅವಳಿಗೆ ಬಾಯಿಪಾಠ. ಕಿವಿಯೊಳಗಿನ ಬಿಳಿ ಕೂದಲು ಕಂಡರೆ ಜಿಂಕೆ ಇನ್ನೂರು ಗಜ ದೂರದಲ್ಲಿದೆ, ಮೂಗಿನ ತೇವ ಹೊಳೆಯುವುದು ಕಂಡರೆ ನೂರೈವತ್ತು. ದೂರ ಅಳೆದು ಹೇಳುವ ಯಂತ್ರಗಳು ಬೇಟೆಗಾರರ ಜೇಬಿಗೆ ಇನ್ನೂ ಬಂದಿರಲಿಲ್ಲ. ಮರವಿಲ್ಲದ, ಮನೆಯಿಲ್ಲದ ಆ ಬೋಳುಬೆಟ್ಟದಲ್ಲಿ ಜಾಡುಗಾರರ ಕೈಯಲ್ಲಿದ್ದದ್ದು ಇಂಥ ಅಳತೆಗಳೇ.

ಈಗ ಆ ಕಣಿವೆಯ ಹಿರಿಯ ಜಾಡುಗಾರ ಫಾರ್ಕರನಿಗೆ ಅರವತ್ತಾರು ತುಂಬಿತ್ತು. ಅಕ್ಟೋಬರ್ ಇಪ್ಪತ್ತಕ್ಕೆ ಗಂಡು ಜಿಂಕೆಗಳ ಬೇಟೆ ಮುಗಿಯುತ್ತದೆ. ಅಲ್ಲಿಗೆ ಅವನ ಚಾಕರಿಯೂ ಮುಗಿಯುತ್ತಿತ್ತು. ಅವನ ಜಾಗಕ್ಕೆ ಯಾರು ಎಂದು ಎಸ್ಟೇಟಿನ ಒಡತಿ ಮಿಸೆಸ್ ದಾಲ್ಗಾರ್ನೊ ಅವನನ್ನೇ ಕೇಳಿದ್ದರು. ನೀನು ಯಾರ ಹೆಸರು ಹೇಳುತ್ತೀಯೋ ಅವರಿಗೇ ಕೊಡುತ್ತೇನೆ, ಬರುವ ಸೋಮವಾರದೊಳಗೆ ಹೇಳು ಎಂದಿದ್ದರು. ಪರ್ತ್ ಕಡೆಯ ಒಬ್ಬ ಹುಡುಗ ಅರ್ಜಿ ಹಾಕಿದ್ದ. ಮರ್ಡೀನಾ ಬಾಯಿ ಬಿಟ್ಟು ಕೇಳಿದ್ದಳು. ಫಾರ್ಕರ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಕುದುರೆ ಹಿಡಿಯೋದು ಬೇರೆ, ಕೋವಿ ಹೊರೋದು ಬೇರೆ ಎಂದಷ್ಟೇ ಹೇಳಿ ಪೈಪಿಗೆ ತಂಬಾಕು ತುಂಬಿದ. ಈ ಕೆಲಸ ಸಿಗದಿದ್ದರೆ ಅವಳಿಗೆ ಬೆಟ್ಟವೇ ಇಲ್ಲ. ಮುಂದಿನ ವರ್ಷದಿಂದ ಜಿಂಕೆ ಇಳಿಸುವುದಕ್ಕೆ ಎಂಟು ಗಾಲಿಯ ಯಂತ್ರ ಬರುತ್ತಿತ್ತು, ಕುದುರೆಯನ್ನು ಮಾರುವುದೆಂದು ಆಗಲೇ ತೀರ್ಮಾನವಾಗಿತ್ತು.

ಇನ್ನು ದುರ್ಬೀನಿನ ಕಥೆ. ಪ್ರತಿ ವರ್ಷ ಅಕ್ಟೋಬರಿನ ಮೊದಲ ವಾರ ಲೀಡ್ಸ್ ಊರಿನಿಂದ ಹಾಲ್ರಾಯ್ಡ್ ಎಂಬ ಹಲ್ಲಿನ ಡಾಕ್ಟರು ಬರುತ್ತಿದ್ದರು. ಒಳ್ಳೆಯ ಮನುಷ್ಯ, ಮಾತು ಹೆಚ್ಚು. ಕೊಂಬಿಗಿಂತ ಜಿಂಕೆಯ ಹಲ್ಲಿನ ಮೇಲೇ ಅವರ ಕಣ್ಣು. ಸವೆದ ದವಡೆ ಹಲ್ಲು ನೋಡಿ ವಯಸ್ಸು ಹೇಳಿ ಖುಷಿಪಡುತ್ತಿದ್ದರು. ಹೋದ ವರ್ಷ ಬೆಟ್ಟದ ತಲೆಯಲ್ಲಿ ಅವರ ಕಾಲು ಉಳುಕಿತು. ಮಂಜು ಕವಿದಿತ್ತು. ಮರ್ಡೀನಾ ಅವರನ್ನು ಕುದುರೆಯ ಮೇಲೆ ಕೂರಿಸಿಕೊಂಡು, ಹಗ್ಗ ಹಿಡಿದು, ಹೆಜ್ಜೆ ಹೆಜ್ಜೆಗೂ ಕಲ್ಲು ತಡವಿಕೊಂಡು ನಾಲ್ಕು ಗಂಟೆ ನಡೆಸಿ ಕೆಳಗಿಳಿಸಿದ್ದಳು. ಆಗ ಅವಳ ಎದೆಯ ಮೇಲೆ ನೇತಾಡುತ್ತಿದ್ದ ಮಂಜುಗಾಜಿನ ದುರ್ಬೀನನ್ನು ಡಾಕ್ಟರು ನೋಡಿದ್ದರು. ಈ ವರ್ಷ ಬರುವ ಮುಂಚೆ ಅಂಗಡಿಯವನಿಗೆ ಹೇಳಿ ಪೆಟ್ಟಿಗೆ ಕಳಿಸಿದ್ದರು. ಜೊತೆಗೊಂದು ಚೀಟಿಯಿತ್ತು. ಬೆಲೆ ಕೇಳಬೇಡ, ಕಣ್ಣಿಗೆ ಯಾವುದು ಹಿಡಿಸುತ್ತದೋ ಅದನ್ನಿಟ್ಟುಕೋ ಎಂದು ಬರೆದಿದ್ದರು.

ಅಂಗಡಿಯ ಬೆಳಕಿನಲ್ಲಿ ಎಲ್ಲ ದುರ್ಬೀನೂ ಚಂದವೇ. ಅದು ಮರ್ಡೀನಾಗೆ ಗೊತ್ತಿಲ್ಲದ್ದೇನಲ್ಲ. ಹಾಗಾಗಿ ಆ ವಾರವಿಡೀ ಹಗಲು ಬೆಟ್ಟದ ಕೆಳಗೆ ಕುದುರೆ ಹಿಡಿಯುವುದು, ಬಿಡುವಿನಲ್ಲಿ ಮೂರನ್ನೂ ಒರೆಗೆ ಹಚ್ಚುವುದು, ಇಷ್ಟೇ ಅವಳ ಬದುಕಾಯಿತು. ಊಟದ ನೆನಪಿರಲಿಲ್ಲ. ಕೈಗೆ ಸಿಕ್ಕ ಓಟ್ಸ್ ರೊಟ್ಟಿ ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ಮಂಗಳವಾರ ಸೂರ್ಯನಿಗೆದುರಾಗಿ ಹಿಡಿದು, ಯಾವುದರೊಳಗೆ ಬೆಳಕು ಚೆಲ್ಲಾಡಿ ಕಣ್ಣಿಗೆ ಹೊಡೆಯುತ್ತದೆ ಎಂದು ನೋಡಿದಳು. ಬುಧವಾರ ಮಳೆಗೆ ಒಡ್ಡಿದಳು. ಉಣ್ಣೆಯ ಕೈಗವಸು ಹಾಕಿಕೊಂಡು ನೋಟ ಹೊಂದಿಸುವ ತಿರುಪು ತಿರುಗಿಸಿದಳು. ಕಪ್ಪು ದುರ್ಬೀನಿನ ತಿರುಪು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯವಾಗಿತ್ತು. ಮನೆಯ ಹಿಂದಿನ ಹೊಲದಲ್ಲಿ ಮೂರನ್ನೂ ಒಂದೊಂದಾಗಿ ಕೊರಳಿಗೆ ಹಾಕಿಕೊಂಡು ತೆವಳಿದಳು. ಉದ್ದದ್ದು ಎದೆಗೆ ಚುಚ್ಚಿತು, ಕಪ್ಪು ಹೊಟ್ಟೆಗೆ ಬಡಿಯಿತು, ಹಸಿರು ಕಂಕುಳಲ್ಲಿ ಅಡಗಿ ಸುಮ್ಮನಿತ್ತು. ಹೊಲದಲ್ಲಿ ಹೀಗೆ ಕಾರಣವಿಲ್ಲದೆ ತೆವಳುತ್ತಿದ್ದವಳನ್ನು ಕಂಡ ಪಕ್ಕದ ಮನೆಯ ಮುದುಕಿ, ನಿನ್ನ ಹೆಂಡತಿಗೆ ಮೈಯಲ್ಲಿ ಹುಷಾರಿದೆ ತಾನೆ ಎಂದು ಲಾಕ್ಲನ್ನನನ್ನು ಮೆಲ್ಲಗೆ ವಿಚಾರಿಸಿದಳು.

ಗುರುವಾರ ಸೂರ್ಯ ಮುಳುಗಿದ ಮೇಲಿನ ಪರೀಕ್ಷೆ. ಲಾಕ್ಲನ್ನನನ್ನು ತೊರೆಯಾಚೆಯ ಕಲ್ಲುಗೋಡೆಯ ಬಳಿ ನಿಲ್ಲಿಸಿ, ಎದೆಗೆ ಬಸ್ಸಿನ ವೇಳಾಪಟ್ಟಿ ಹಿಡಿದುಕೊಳ್ಳುವುದಕ್ಕೆ ಹೇಳಿದಳು. ತಾನು ಈಚೆ ಬೆನ್ನ ಮೇಲೆ ಮಲಗಿ, ಮೊಣಕಾಲಿಗೆ ಕೈ ಆನಿಸಿ ಓದತೊಡಗಿದಳು. ಕತ್ತಲು ಇಳಿಯುತ್ತಾ ಬಂತು. ಕಪ್ಪಿನಲ್ಲಿ ಅಕ್ಷರ ಮೊದಲು ಕರಗಿತು, ಆಮೇಲೆ ಹಸಿರಿನಲ್ಲಿ. ಉದ್ದದ್ದರಲ್ಲಿ ಮಾತ್ರ ಇನ್ನೂ ಹತ್ತು ನಿಮಿಷ ಮಂಗಳವಾರದ ಬಸ್ಸು ಕಾಣುತ್ತಲೇ ಇತ್ತು. ಅವಳು ಕುಣಿದಾಡಿದಳು. ಆಚೆಯಿಂದ ಲಾಕ್ಲನ್ ಕೂಗಿದ.

"ಮಾರಾಯ್ತಿ, ಓದಿದ್ದಾಯ್ತಾ? ಆ ಬಸ್ಸು ನಿಂತು ನಾಲ್ಕು ವರ್ಷ ಆಯ್ತು. ನಂಗಿಲ್ಲಿ ಕಾಲು ಮರಗಟ್ತಾ ಇದೆ."

ಮನೆಗೆ ಬಂದು ಕುರಿಮಾಂಸದ ಸಾರು ಕುಡಿಯುವಾಗ ಅವನು ನೇರವಾಗಿ ಕೇಳಿದ. ಉದ್ದದ್ದೇ ಗೆದ್ದಿತಲ್ಲ, ಇನ್ನೇನು ಯೋಚನೆ? ಅವಳು ತಲೆಯಾಡಿಸಿದಳು. ಕತ್ತಲಾದ ಮೇಲೆ ಗುಂಡು ಹೊಡೆಸುವ ಜಾಡುಗಾರ ಯಾವನು? ಆ ಹತ್ತು ನಿಮಿಷ ತನಗೆ ಬೇಕಿಲ್ಲ. ಬೇಕಾದದ್ದು ಬೇರೆ. ಅಕ್ಟೋಬರಿನಲ್ಲಿ ಬೆಟ್ಟದ ಜರಿಗಿಡವೆಲ್ಲ ಒಣಗಿ ಕೆಂಪಾಗುತ್ತದೆ, ಜಿಂಕೆಯ ಮೈಯೂ ಅದೇ ಕೆಂಪು. ಆ ಕೆಂಪಿನಿಂದ ಈ ಕೆಂಪನ್ನು ಬಿಡಿಸಿ ತೋರಿಸುವ ಗಾಜು ಯಾವುದು, ಗಂಟೆಗಟ್ಟಲೆ ನೋಡಿದರೂ ಕಣ್ಣು ನೋಯಿಸದ್ದು ಯಾವುದು, ಅದೇ ಮುಖ್ಯ. ಶುಕ್ರವಾರ ಅವಳು ಮಧ್ಯಾಹ್ನವಿಡೀ ಅದೊಂದನ್ನೇ ನೋಡಿದಳು. ಕಪ್ಪಿನಲ್ಲಿ ಎದುರು ಗುಡ್ಡದ ಮೇಲೆ ಹನ್ನೊಂದು ಜಿಂಕೆ ಎಣಿಸಿದಳು, ಉದ್ದದ್ದರಲ್ಲೂ ಹನ್ನೊಂದು. ಹಸಿರನ್ನು ಕಣ್ಣಿಗಿಟ್ಟರೆ ಹದಿಮೂರು. ಒಣ ಜರಿಯ ನಡುವೆ ಮಲಗಿದ್ದ ಎರಡು ಮರಿಗಳು ಕಿವಿಯಾಡಿಸುವುದೂ ಕಂಡಿತು. ಮೈ ಜುಮ್ಮೆಂದಿತು ಅವಳಿಗೆ. ಇಪ್ಪತ್ತೈದು ವರ್ಷ ತನ್ನ ಬೆಟ್ಟದಲ್ಲಿ ತನಗೆ ಕಾಣದೆ ಇನ್ನೆಷ್ಟು ಜೀವ ಮಲಗಿತ್ತೋ ಎಂದುಕೊಂಡಳು. ಹಸಿರೇ ಸೈ ಎಂದು ಅಲ್ಲೇ ತೀರ್ಮಾನಿಸಿದಳು.

ಆ ಸಂಜೆ ಫಾರ್ಕರ್ ಲಾಯದ ಬಾಗಿಲಿಗೆ ಬಂದ. ವಾರವಿಡೀ ಡಾಕ್ಟರಿಗೆ ಒಂದು ಜಿಂಕೆಯೂ ಸಿಕ್ಕಿರಲಿಲ್ಲ. ಒಂದು ದಿನ ಮಂಜು, ಒಂದು ದಿನ ಗಾಳಿ, ಒಂದು ದಿನ ಡಾಕ್ಟರ ಕೆಮ್ಮು. ಉಳಿದಿದ್ದು ಶನಿವಾರ ಒಂದೇ. ಭಾನುವಾರ ಆ ಕಣಿವೆಯಲ್ಲಿ ಕೋವಿ ಮುಟ್ಟುವವರಿಲ್ಲ, ಎಲ್ಲರೂ ಚರ್ಚಿನಲ್ಲಿರುತ್ತಾರೆ.

"ನಾಳೆ ನನ್ ಮೊಣಕಾಲು ಕೇಳಲ್ಲ," ಅಂದ ಫಾರ್ಕರ್. "ಡಾಕ್ಟರನ್ನ ನೀನೇ ಕರ್ಕೊಂಡು ಹೋಗು. ಯಾವುದನ್ನ ಹೊಡೀಬೇಕು, ಎಲ್ಲಿಂದ ಹೊಡೀಬೇಕು, ಎಲ್ಲಾ ನೀನೇ. ಇನ್ನೂರು ಗಜ ದಾಟಿದ್ರೆ ಗುಂಡಿಲ್ಲ. ಅದು ಗೊತ್ತಲ್ಲ?"

ಗೊತ್ತು ಎಂದಳು ಮರ್ಡೀನಾ. ಅವನು ಹೋದ ಮೇಲೆ ಕುದುರೆಯ ಕುತ್ತಿಗೆ ತಬ್ಬಿಕೊಂಡಳು. ಸೋಮವಾರದೊಳಗೆ ಹೆಸರು ಹೇಳಬೇಕಾದವನು ಶನಿವಾರ ಅವಳ ಹೆಗಲಿಗೆ ಕೋವಿ ಕೊಡುತ್ತಿದ್ದಾನೆ ಎಂದರೆ ಇದು ಪರೀಕ್ಷೆಯಲ್ಲದೆ ಮತ್ತೇನು? ಒಂದೇ ಒಂದು ದಿನದ ಪರೀಕ್ಷೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅವಳಿಗೆ.

ಶನಿವಾರ ಬೆಳಗು ತೊಳೆದಿಟ್ಟಷ್ಟು ನಿಚ್ಚಳವಾಗಿತ್ತು. ಪಡುವಣ ಗಾಳಿ, ಬೇಕಾದ ದಿಕ್ಕಿನಲ್ಲೇ. ಗಂಡು ಜಿಂಕೆಗಳು ಬೆದೆಗೆ ಬಂದು ಹಗಲಿಡೀ ಗುಟುರು ಹಾಕುವ ಕಾಲವದು. ಬೆಟ್ಟದ ನಾಲ್ಕೂ ಕಡೆಯಿಂದ ಆ ಸದ್ದು ಏಳುತ್ತಿತ್ತು. ಫಾರ್ಕರ್ ಜೀಪನ್ನು ದಾರಿ ಮುಗಿಯುವವರೆಗೆ ತಂದು ಅಲ್ಲೇ ನಿಂತ. ಲಾಕ್ಲನ್ ಅಂಚೆ ಕಚೇರಿಗೆ ರಜೆ ಹೇಳಿ ಕುದುರೆ ಹಿಡಿದಿದ್ದ. ಅದು ಆಗಲೇ ಅವನ ತೋಳು ಕಚ್ಚಿಯಾಗಿತ್ತು. ಕೋವಿಯ ಚೀಲವನ್ನು ಹೆಗಲಿಗೇರಿಸಿ, ಹಸಿರು ದುರ್ಬೀನನ್ನು ಕೊರಳಿಗೆ ಹಾಕಿ ಮರ್ಡೀನಾ ಮುಂದೆ ನಡೆದಳು. ಡಾಕ್ಟರು ಹಿಂದೆ ಏದುಸಿರು ಬಿಡುತ್ತಾ, ನಡುನಡುವೆ ಹಲ್ಲಿನ ವಿಷಯ ಹೇಳುತ್ತಾ ಬಂದರು. ಬೆಟ್ಟದ ಭುಜ ದಾಟಿದ ಮೇಲೆ ಅವಳು ತುಟಿಯ ಮೇಲೆ ಬೆರಳಿಟ್ಟಳು. ಹಲ್ಲಿನ ವಿಷಯ ನಿಂತಿತು.

ಹನ್ನೊಂದೂವರೆಗೆ ಅವಳಿಗೆ ಅವನು ಕಂಡ. ಮೇಲಣ ಬೋಗುಣಿಯಂಥ ತಗ್ಗಿನಲ್ಲಿ ಹದಿನಾಲ್ಕು ಹೆಣ್ಣು ಜಿಂಕೆಗಳು, ಅವುಗಳ ನಡುವೆ ಒಬ್ಬ ಮುದಿ ಗಂಡು. ಬೆನ್ನು ಜಗ್ಗಿತ್ತು, ಕುತ್ತಿಗೆ ದಪ್ಪಗಿತ್ತು, ಕೊಂಬಿನ ತುದಿಗಳು ಸವೆದು ಮೊಂಡಾಗಿದ್ದವು. ಈ ಚಳಿಗಾಲ ದಾಟುವವನಲ್ಲ. ಹೊಡೆಯಬೇಕಾದದ್ದು ಇಂಥವನನ್ನೇ. ಹಳೆಯ ಗಾಜಿನಲ್ಲಾಗಿದ್ದರೆ ಇಷ್ಟು ತಿಳಿಯಲು ಇನ್ನರ್ಧ ಮೈಲಿ ತೆವಳಬೇಕಿತ್ತು. ಡಾಕ್ಟರಿಗೆ ಸನ್ನೆ ಮಾಡಿ ತೊರೆಯ ಪಾತ್ರದೊಳಗೆ ಇಳಿದಳು. ಅಲ್ಲಿಂದ ಮುಂದೆ ಒಂದು ಗಂಟೆ ಅವರು ಮನುಷ್ಯರಾಗಿರಲಿಲ್ಲ, ಹಲ್ಲಿಗಳಾಗಿದ್ದರು. ಕಪ್ಪು ಕೊಚ್ಚೆ ಅಂಗಿಯೊಳಗೆ ಇಳಿಯಿತು, ಮೂಗಿಗೆ ನೀರು ಹೋಯಿತು. ಡಾಕ್ಟರು ಒಮ್ಮೆ ಸೊಂಟದವರೆಗೆ ಹೂತುಹೋದಾಗ ಅವಳು ಕಾಲರು ಹಿಡಿದು ಎಳೆದಳು. ಇಬ್ಬರಿಗೂ ನಗು ತಡೆಯುವುದೇ ಕಷ್ಟವಾಯಿತು.

ಕೊನೆಗೊಂದು ದಿಬ್ಬ. ಅದರ ನೆತ್ತಿಯ ಹುಲ್ಲಿನ ಎಳೆಗಳ ನಡುವೆ ದುರ್ಬೀನು ತೂರಿಸಿ ನೋಡಿದಳು. ಅವನು ಅಡ್ಡಲಾಗಿ ನಿಂತಿದ್ದ, ಗುಂಡು ಬೇಡುವ ಹಾಗೆ. ಕಿವಿಯೊಳಗಿನ ಬಿಳಿ ಕೂದಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಮೂಗಿನ ತೇವ ಗಾಜಿನ ಚೂರಿನ ಹಾಗೆ ಹೊಳೆಯುತ್ತಿತ್ತು. ನೂರೈವತ್ತು ಗಜ, ಒಂದು ಗಜ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಪ್ಪನ ಅಳತೆ ಎಂದೂ ಸುಳ್ಳಾದದ್ದಿಲ್ಲ. ಚೀಲದಿಂದ ಕೋವಿ ತೆಗೆದಳು, ಗುಂಡು ತುಂಬಿದಳು, ಡಾಕ್ಟರ ಕೈಗಿಟ್ಟಳು. ಅವರು ಅಂಗೈ ಒರೆಸಿಕೊಂಡು, ದಿಬ್ಬಕ್ಕೆ ಮೊಣಕೈ ಊರಿ, ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿದರು. ನೂರೈವತ್ತು, ಭುಜದ ಹಿಂದೆ, ನಾನು ಹೇಳಿದಾಗ ಎಂದು ಅವಳು ಅವರ ಕಿವಿಯಲ್ಲಿ ಉಸುರಿದಳು. ಇನ್ನೊಂದು ನಿಮಿಷಕ್ಕೆ ಎಲ್ಲವೂ ತನ್ನದು, ಬೆಟ್ಟ, ಕೆಲಸ, ಉಳಿದ ಬದುಕು.

ದುರ್ಬೀನಿನಲ್ಲಿ ಕಡೆಯ ಸಲ ನೋಡಿದಳು. ಜಿಂಕೆ ಕತ್ತು ಚಾಚಿ ಬಾಯಿ ತೆರೆಯಿತು. ಬಾಯಿಂದ ಬಿಳಿ ಹಬೆ ಹೊರಟಿತು. ಸದ್ದು ಬರಲಿಲ್ಲ. ಅವಳು ಮನಸ್ಸಿನಲ್ಲಿ ಒಂದು ಎಂದಳು. ಆಮೇಲೆ ಬಂತು ಗುಟುರು.

ನೂರೈವತ್ತು ಗಜಕ್ಕೆ ಸದ್ದು ಇಷ್ಟು ತಡವಾಗುವುದಿಲ್ಲ. ಬಾಯಿ ತೆರೆದದ್ದರ ಬೆನ್ನಿಗೇ ಬಂದು ಬಡಿಯುತ್ತದೆ. ಇಪ್ಪತ್ತೈದು ಶರತ್ಕಾಲ ಆ ಗುಟುರು ಕೇಳಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದುರ್ಬೀನು ಇಳಿಸಿ ಬರಿಗಣ್ಣಿನಲ್ಲಿ ನೋಡಿದಳು. ಜಿಂಕೆ ಉಗುರಿನಷ್ಟೇ ಇತ್ತು. ಮುನ್ನೂರು ಗಜವೋ ಏನೋ. ಹಳೆಯ ಗಾಜು ಏಳು ಪಟ್ಟು, ಇದು ಹತ್ತು ಪಟ್ಟು. ಹಳೆಯದಕ್ಕೆ ಮಂಜು ಹಿಡಿದಿತ್ತು, ಇದು ಶುಭ್ರ. ಅಪ್ಪನ ಅಳತೆ ಅಪ್ಪನ ಗಾಜಿನದ್ದು. ವಾರವಿಡೀ ಮಳೆಗೆ ಹಿಡಿದಳು, ಬಿಸಿಲಿಗೆ ಹಿಡಿದಳು, ಬಸ್ಸಿನ ವೇಳಾಪಟ್ಟಿ ಓದಿದಳು. ಈ ಅಳತೆಯೊಂದನ್ನು ಹೊಸ ಗಾಜಿಗೆ ಹೊಂದಿಸಿ ನೋಡುವುದು ಅವಳ ತಲೆಗೇ ಹೊಳೆದಿರಲಿಲ್ಲ.

ಡಾಕ್ಟರ ಬೆರಳು ಕೋವಿಯ ಟ್ರಿಗರಿನ ಮೇಲಿತ್ತು. ಹೊಡೆಸಿದರೆ ಗುಂಡು ಕೆಳಗೆ ಬೀಳುತ್ತದೆ, ಕಾಲು ಮುರಿಯುತ್ತದೆ, ಇಲ್ಲ ಹೊಟ್ಟೆ ಹರಿಯುತ್ತದೆ. ಗಾಯಗೊಂಡ ಜಿಂಕೆಯನ್ನು ಬೆಟ್ಟಕ್ಕೆ ಬಿಟ್ಟು ಬರುವುದಕ್ಕಿಂತ ದೊಡ್ಡ ಅವಮಾನ ಆ ಕಣಿವೆಯಲ್ಲಿಲ್ಲ. ಹೊಡೆಸದಿದ್ದರೆ, ಅತಿಥಿಯ ಕೈಗೆ ಕೊಟ್ಟ ಕೋವಿಯನ್ನು ವಾಪಸ್ಸು ಕಸಿದುಕೊಂಡ ಜಾಡುಗಾರ್ತಿ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅಂಥದ್ದನ್ನು ಯಾರೂ ಕಂಡವರಿಲ್ಲ, ಕೇಳಿದವರಿಲ್ಲ.

"ಬೇಡ," ಎಂದಳು. "ಬೆರಳು ತೆಗೀರಿ ಡಾಕ್ಟ್ರೇ. ಕೋವಿ ಇಲ್ಲಿ ಕೊಡಿ."

ಡಾಕ್ಟರು ನಂಬಲಾರದೆ ಅವಳನ್ನು ನೋಡಿದರು. "ಯಾಕಮ್ಮಾ? ಸರಿಯಾಗಿ ನಿಂತಿದ್ದಾನಲ್ಲ. ನಂಗೆ ಇವತ್ತೇ ಕೊನೇ ದಿನ."

"ನಾನು ದೂರ ತಪ್ಪು ಹೇಳ್ದೆ. ಇಲ್ಲಿಂದ ಹೊಡೆಯೋ ಹಾಗಿಲ್ಲ. ಕೊಡಿ."

ಅವರು ಕೊಟ್ಟರು. ಮುಖ ಕೆಂಪಾಗಿತ್ತು. ಅವಳು ಗುಂಡು ತೆಗೆದು, ಕೋವಿಯನ್ನು ಚೀಲದೊಳಗೆ ಹಾಕಿ ಗುಂಡಿ ಬಿಗಿದಳು. ಇನ್ನೂ ಹತ್ತಿರ ಹೋಗೋಣ ಎಂದಳು. ಎಡಗಡೆಯ ಕೊರಕಲಿಗೆ ಇಳಿದು ಮತ್ತೆ ತೆವಳಿದರು. ಎಂಬತ್ತು ಗಜ ಸಾಗಿರಬಹುದು. ಗುಂಪಿನ ಅಂಚಿನಲ್ಲಿ ಮೇಯುತ್ತಿದ್ದ ಒಂದು ಮುದಿ ಹೆಣ್ಣು ಜಿಂಕೆ ತಲೆಯೆತ್ತಿ ಒಮ್ಮೆ ಬೊಗಳಿತು. ಅಷ್ಟೇ. ಹದಿನೈದು ಜಿಂಕೆಗಳೂ ಸಾಲು ಹಿಡಿದು ಬೆಟ್ಟದ ಅಂಚು ಹತ್ತಿ ಆಚೆ ಇಳಿದುಹೋದವು. ತಗ್ಗು ಬರಿದಾಯಿತು.

ಮರ್ಡೀನಾ ಎದ್ದು ನಿಂತಳು. ಅಳು ಬಂತು, ನುಂಗಿಕೊಂಡಳು. ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ, ಅದರ ಗೊರಸಿನ ಗುರುತಿನ ಮೇಲೆ ನಿಂತು, ಅಲ್ಲಿಂದ ಆ ದಿಬ್ಬದವರೆಗೆ ಹೆಜ್ಜೆ ಎಣಿಸುತ್ತಾ ನಡೆದಳು. ಇನ್ನೂರ ಎಂಬತ್ತೇಳು. ಡಾಕ್ಟರು ದಿಬ್ಬದ ಮೇಲೆ ಕೂತು ಷೂಸಿನಿಂದ ಕೊಚ್ಚೆನೀರು ಸುರಿಯುತ್ತಿದ್ದರು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡೇ ಇದ್ದರು. ಆಮೇಲೆ ಫ್ಲಾಸ್ಕಿನ ಚಹಾವನ್ನು ಮೊದಲು ಅವಳಿಗೆ ಕೊಟ್ಟರು. ತಾವು ಎಂದಾದರೂ ಬೇರೆ ಹಲ್ಲಿಗೆ ಇಕ್ಕಳ ಹಾಕಿ, ಎಳೆಯುವ ಮುಂಚೆ ತಪ್ಪು ಗೊತ್ತಾದರೆ, ರೋಗಿಯ ಮುಂದೆ ಒಪ್ಪಿಕೊಂಡು ಇಕ್ಕಳ ತೆಗೆಯುವಷ್ಟು ಧೈರ್ಯ ಇರುತ್ತದೋ ಇಲ್ಲವೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ದುರ್ಬೀನು ಬದಲಾಯಿಸಬೇಕಾ ಎಂದು ಕೇಳಿದರು.

"ಇಲ್ಲ, ಇದೇ ಇರ್ಲಿ," ಎಂದಳು ಮರ್ಡೀನಾ. "ಇದು ಒಂದು ಚೂರೂ ಸುಳ್ಳು ಹೇಳ್ಲಿಲ್ಲ. ನಾನೇ ಇದನ್ನ ಇನ್ನೂ ಕಲೀಬೇಕು."

ಕೆಳಗೆ ಹೊಗೆಗಾಗಿ ಕಾದು ಕಾದು ಸುಸ್ತಾಗಿದ್ದ ಲಾಕ್ಲನ್ ಅವಳ ಮುಖ ನೋಡಿ ಒಂದು ತಮಾಷೆಯನ್ನೂ ಆಡಲಿಲ್ಲ. ಸುಮ್ಮನೆ ಕುದುರೆ ಹೊಡೆದುಕೊಂಡು ಮನೆಯ ದಾರಿ ಹಿಡಿದ. ಜೀಪಿನ ಪಕ್ಕದ ಗುಡ್ಡೆಯ ಮೇಲೆ ಫಾರ್ಕರ್ ಕೂತಿದ್ದ. ಮಡಿಲಲ್ಲಿ ಅವನ ಉದ್ದನೆಯ ಹಿತ್ತಾಳೆಯ ದುರ್ಬೀನಿತ್ತು. ಆ ಗುಡ್ಡೆಯಿಂದ ಮೇಲಣ ತಗ್ಗು ನೇರವಾಗಿ ಕಾಣುತ್ತದೆ ಎಂಬುದು ಮರ್ಡೀನಾಗೆ ಆಗ ಹೊಳೆಯಿತು. ಎಲ್ಲ ನೋಡಿದ್ದಾನೆ ಮುದುಕ. ಕೋವಿ ಕೊಟ್ಟದ್ದು, ಇಸಿದುಕೊಂಡದ್ದು, ಜಿಂಕೆ ಓಡಿದ್ದು, ಎಲ್ಲ. ಮುಗಿಯಿತು ಎಂದುಕೊಂಡಳು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಫಾರ್ಕರ್ ಕೈಯೆತ್ತಿ ಅವರನ್ನು ತಡೆದ.

"ಎಷ್ಟು ಅಂದ್ಕೊಂಡೆ?" ಎಂದು ಮರ್ಡೀನಾಳನ್ನು ಕೇಳಿದ.

"ನೂರೈವತ್ತು."

"ಇದ್ದಿದ್ದು?"

"ಇನ್ನೂರ ಎಂಬತ್ತೇಳು. ಹೆಜ್ಜೆ ಹಾಕಿ ಅಳೆದೆ. ಹೊಸ ಗಾಜಲ್ಲಿ ಹಳೇ ಅಳತೆ ಇಟ್ಕೊಂಡು ನೋಡ್ದೆ ಫಾರ್ಕರ್. ತಪ್ಪು ನಂದೇ, ಬೇರೆ ಯಾರದ್ದೂ ಅಲ್ಲ. ಇನ್ನೊಂದು ಉಸಿರು ತಡ ಆಗಿದ್ರೆ ಡಾಕ್ಟ್ರು ಹೊಡೆದುಬಿಟ್ಟಿರೋರು."

ಫಾರ್ಕರ್ ಬಾಯಿಂದ ಪೈಪು ತೆಗೆದ. ಅದರಲ್ಲಿ ಬೆಂಕಿ ಇರಲಿಲ್ಲ.

"ನಂಗೆ ಹೊಸ ಗಾಜು ಬಂದಿದ್ದು ಅರವತ್ತೆರಡನೇ ಇಸವೀಲಿ," ಎಂದ. "ಇದೇ ತಗ್ಗು. ನಾನೂ ಹೀಗೇ ಮೋಸ ಹೋದೆ. ಹೊಡೆಯೋ ಮುಂಚೇನೇ ನಂಗೂ ಗೊತ್ತಾಯ್ತು ಕಣೇ. ಅತಿಥಿ ದೊಡ್ಡ ಮನುಷ್ಯ, ಕೋವಿ ಆಗ್ಲೇ ಅವನ ಕೈಲಿತ್ತು. ವಾಪಸ್ ಕೊಡು ಅನ್ನೋಕೆ ನಾಚಿಕೆ ಆಯ್ತು. ಸುಮ್ಮನಿದ್ದೆ." ಅವನು 'ಸುಮ್ಮನಿದ್ದೆ' ಎಂದು ಇನ್ನೊಮ್ಮೆ ಹೇಳಿದ. "ಮುಂಗಾಲು ಮುರೀತು. ಮೂರು ದಿನ ಹುಡುಕಿ ಕೊಂದೆ. ಯಾರಿಗೂ ಹೇಳಿಲ್ಲ, ನನ್ ಹೆಂಡ್ತಿಗೂ ಹೇಳಿಲ್ಲ."

ಡಾಕ್ಟರು ಮೆಲ್ಲಗೆ ಜೀಪಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. ಫಾರ್ಕರ್ ಕೋಲೂರಿ ಎದ್ದ. ಆ ಎಸ್ಟೇಟಿನಲ್ಲಿ ಮೂವತ್ತು ವರ್ಷದಲ್ಲಿ ನಾಲ್ಕು ಜೀಪು ಬಂದು ಹೋಗಿದ್ದವು. ಬೆಟ್ಟದ ದಾರಿಯಲ್ಲಿ ಅವನ್ನು ಓಡಿಸುವ ಹಕ್ಕು ಹಿರಿಯ ಜಾಡುಗಾರನದ್ದು, ಒಡತಿ ಬಂದರೂ ಪಕ್ಕದಲ್ಲೇ ಕೂರಬೇಕು. ಫಾರ್ಕರ್ ಕುಂಟುತ್ತಾ ಜೀಪಿನ ಮುಂದಿನಿಂದ ಸುತ್ತಿಕೊಂಡು ಹೋಗಿ, ಆಚೆ ಬದಿಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತ. ಕೋಲನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಮುಂದಿನ ಗಾಜಿನಾಚೆ ನೋಡತೊಡಗಿದ. ಮರ್ಡೀನಾ ನಿಂತಲ್ಲೇ ನಿಂತಿದ್ದಳು.

"ಯಾಕೆ ಮರದ ಹಾಗೆ ನಿಂತಿದೀಯ?" ಎಂದ ಅವನು, ತಿರುಗದೆ. "ಹೊರಡು. ಅಮ್ಮಾವ್ರು ಊಟಕ್ಕೆ ಕೂರೋದ್ರೊಳಗೆ ನಿನ್ ಹೆಸರು ಹೇಳ್ಬೇಕು ನಾನು."

ಅವಳು ಜೀಪು ಹತ್ತಿ ಸ್ಟೀರಿಂಗ್ ಚಕ್ರದ ಮುಂದೆ ಕೂತಳು. ಸೀಟು ಅವನ ಉದ್ದನೆಯ ಕಾಲುಗಳಿಗೆ ಹೊಂದಿಸಿದ್ದು, ಅವಳ ಪಾದ ಎಲ್ಲಿಗೂ ಎಟುಕಲಿಲ್ಲ. ಕೆಳಗೆ ಕೈ ಹಾಕಿ ಎರಡು ಸಲ ಜಗ್ಗಿ ಅದನ್ನು ಮುಂದಕ್ಕೆ ಎಳೆದುಕೊಂಡಳು.